ಮಗ್ಗ ನಿಂತ ತಿಂಗಳು

ನೂಲು ಬರೂದು ನಿಂತ ಮೂರನೇ ದಿನ
ಮಗ್ಗದ ಮ್ಯಾಲೆ ಹಳೇ ಚಾದರ ಹೊಚ್ಚಿದೆ.
ಒಳಗ ಅರ್ಧ ಸೀರಿ, ಹಸರು ಒಡಲು,
ನಡುವ ನಿಂತ ಗೋಮಿ ದಡಿ.

ಬೆಟಗೇರಿಯ ಈ ಓಣಿಯೊಳಗ
ಇಪ್ಪತ್ತಾರು ವರ್ಷ ನಾವು ಮಾತಾಡಿದ್ದಲ್ಲ,
ಒದರಿದ್ದು.
ಉಪ್ಪು ಕಡಿಮಿ ಆಗೇತಿ ಅಂತ ಒದರಿ,
ಮಗಳಿಗೆ ಮೈ ಸುಡಾಕತ್ತೈತಿ ಅಂತ ಒದರಿ,
ಲಗ್ನಾದ ಹೊಸತರಾಗ ಹೇಳಬೇಕಂದ ಒಂದೆರಡು ಮಾತು
ಒದರಿ ಹೇಳೂವಂಥವಲ್ಲಂತ
ಅಲ್ಲೇ ಬಿಟ್ಟು.

ಮೊದಲ ನಾಕು ರಾತ್ರಿ ನಿದ್ದಿ ಹತ್ತಲಿಲ್ಲ.
ಸಪ್ಪಳ ಇಲ್ಲದ್ದಕ್ಕ ದಡಕ್ಕನೆ ಎದ್ದು ಕೂಡತಿದ್ದೆ,
ಕರೆಂಟ್ ಹೋತೇನೋ ಅಂತ.

ಐದನೇ ದಿನ ತಿಳೀತು,
ನಮ್ಮನಿ ಗಡಿಯಾರ ಟಿಕ್ ಟಿಕ್ ಅಂತೈತಿ.
ಗ್ವಾಡಿಯಾಚೆ ಹಸೀನಾಬಿ ಸಾಕಿದ ಗಿಣಿ
ನಮ್ಮ ಕುಕ್ಕರಿನ ಸೀಟಿ ಕಲತೈತಿ.
ಮೂರಾತು ಅಂತ ಬನಶಂಕರಿ ಗ್ಯಾಸ್ ಆರಿಸಿದ್ರ
ಬ್ಯಾಳಿ ಕಲ್ಲ.
ಎರಡು ಕುಕ್ಕರಿಂದು, ಒಂದು ಗಿಣೀದು.
ಬೇಯದ ಬ್ಯಾಳಿಗೆ ನಾನು ಬೈದದ್ದೆಲ್ಲಾ ನೆನಪಾಗಿ
ಮನಿಯೊಳಗ ಮಾಸ್ಕ್ ಹಾಕ್ಕೊಂಡು ಸುಮ್ಮನ ಕುಂತೆ.

ರಮಜಾನ್ ಸಂಜಿ ಗ್ವಾಡಿ ಮ್ಯಾಲೆ
ಕಲ್ಲಂಗಡಿ ಹೋಳಿನ ತಾಟು.
ಆಕಿ ಇಟ್ಟು ಹಿಂದ ಸರಿದ ಮ್ಯಾಲೆ ನಾವು ಹೋಗಿ ತಗೊಳ್ಳೂದು.
ಮರುದಿನ ಅದ ತಾಟಿನ್ಯಾಗ ನಮ್ಮ ಗಿರಮಿಟ್ಟು.
ತಾಟು ತಿಂಗಳಾನುಗಟ್ಟಲೆ ಖಾಲಿ ಆಗಲಿಲ್ಲ,
ಯಾರದಂತ ಈಗ ಯಾರಿಗೂ ನೆನಪಿಲ್ಲ.

ಬಣ್ಣದ ಪರಸಪ್ಪಜ್ಜ
ಕೆಮ್ಮಿಕೋಂತ ದೊಡ್ಡ ದವಾಖಾನಿಗೆ ಹೋದಾಂವ
ತಿರುಗಿ ಬರಲಿಲ್ಲ.
ಮಣ್ಣಿಗೆ ಹೋಗಾಕೂ ನಮ್ಮನ್ನ ಬಿಡಲಿಲ್ಲ.
ಅವನ ಮೊಳಕೈತನಕ ಹತ್ತಿದ ಬಣ್ಣ
ಯಾವ ಸಾಬೂನಿಗೂ ಹೋಗತಿರಲಿಲ್ಲ.
ಅವತ್ತು ಚಾದರ ಎತ್ತಿ ನೋಡಿದೆ,
ಆ ಹಸರು ಅವಂದ.
ಮುಟ್ಟಿ, ಮತ್ತ ಹೊಚ್ಚಿದೆ.

ಮಿರ್ಚಿ ಅಂಗಡಿ ಬಂದ್ ಅಂತ
ಒಂದಿನ ಮನ್ಯಾಗ ಮಾಡಿದ್ವಿ.
ಮೆಣಸಿನಕಾಯಿ ಸೀಳಿ ಜೀರಗಿ ತುಂಬೂದು ನನ್ನ ಪಾಲಿಗೆ.
ಹರಿದ ಎಳಿ ಹುಡುಕಿ ಗಂಟು ಹಾಕೂ ಬಳ್ಳಿಗೆ ಇದೇನು ದೊಡ್ಡದು?
ಆಮ್ಯಾಲೆ ಅದ ಬಳ್ಳಿಲೆ ಕಣ್ಣುಜ್ಜಿಕೊಂಡೆ.
ಮಗಳು ನಕ್ಕಳು. ಬನಶಂಕರಿ ನಕ್ಕಳು.
ಆಕಿ ನಗೀಗೆ ಕಡೀಕ ಒಂದು ಸಣ್ಣ ಬಿಕ್ಕು ಐತಿ.
ಇಪ್ಪತ್ತಾರು ವರ್ಷದಾಗ
ನಾನು ಬರೇ ಹಲ್ಲು ಕಂಡಿದ್ದೆ.

ಅವತ್ತೊಂದು ಮಧ್ಯಾಹ್ನ
ಮರದಾಗ ಅಕ್ಕಿ ಹಸನು ಮಾಡಿಕೋಂತ
ಆಕಿ ಹಾಡಾಕತ್ತಿದ್ಲು, ಸಣ್ಣ ದನಿಲೆ.
'ಇದನ್ಯಾವಾಗ ಕಲತಿ?'
'ಕಂಡಿಕಿ ಸುತ್ತಿಕೋಂತ ದಿನಾ ಹಾಡತೇನಲ್ಲ,
ನಿಮಗ ಕೇಳಸೂದಿಲ್ಲಂತ.'
ಅಂದು, ಬಾಯಿ ಕಟ್ಟಿಕೊಂಡು
ಹಳ್ಳು ಆರಿಸಿದ್ಲು.
ಅವತ್ತಿನಿಂದ ಊಟಾದ ಮ್ಯಾಲೆ
ನಾನು ಗೊರಕಿ ಹೊಡಿಯೂ ಸೋಗು ಹಾಕಿದೆ.
ಅರ್ಧ ಪದ ಸಿಕ್ಕಿತು. ಕೆಲವೊಮ್ಮೆ
ಖರೇವಂದ್ರೂ ನಿದ್ದಿ ಹತ್ತಿ ಕಳಕೊಂಡೆ.

ನೂಲು ಬಂತು. ಮಗ್ಗ ಹೊಂಟಿತು.
ನಿಂತ ಜಾಗದಾಗ ಸೀರಿಗೆ ಒಂದು ಗೆರಿ ಬಿದ್ದಿತ್ತು,
ಬೆಳಕಿಗೆ ಹಿಡಿದ್ರ ಅಷ್ಟ ಕಾಣೂವಂಥದ್ದು.
ಸಾವಕಾರ ಹಿಡಿದು ನೋಡೇ ಬಿಟ್ಟ,
ನೂರೈವತ್ತು ಮುರಕೊಂಡ.

ಈಗ ಮತ್ತ ಒದರತೇವಿ,
ಉಪ್ಪಿಗೆ, ನೀರಿಗೆ.
ಆಕಿ ಕಂಡಿಕಿ ಸುತ್ತೂವಾಗ ಮಾತ್ರ
ನನ್ನ ಕಣ್ಣು ದಡಿ ಬಿಟ್ಟು ಆಕಿ ತುಟಿ ಮ್ಯಾಲೆ.
ಕರೆಂಟ್ ಹೋದ್ರ ಮೊದಲಿನಂಗ ಬೈಯೂದಿಲ್ಲ.
ಲಾಳಿ ಗಪ್ಪನೆ ನಿಲ್ಲತೈತಿ,
ಆಕಿ ಹಾಡು ಮಾತ್ರ ಗೊತ್ತಾಗದ
ನಾಕೈದು ಅಕ್ಷರ
ಮುಂದ ಹೋಗಿಬಿಡತೈತಿ.